ನೈರೋಬಿಗೆ ಹೊರಟಿದ್ದೀರಾ? ಮ್ಯಾಚ್ ನೋಡೋ ದಾರಿ ಮೊದಲು ಮಾಡ್ಕೊಳ್ಳಿ

ಕೆಲಸ ಸಿಕ್ಕಿ ನೈರೋಬಿಗೆ ಬರುವ ನಮ್ಮವರು ಎಲ್ಲದಕ್ಕೂ ತಯಾರಿ ಮಾಡಿಕೊಂಡಿರುತ್ತಾರೆ. ಮನೆ ನೋಡಿರುತ್ತಾರೆ, ಮಕ್ಕಳ ಸ್ಕೂಲ್ ವಿಚಾರಿಸಿರುತ್ತಾರೆ, ಕುಕ್ಕರಿನ ಗ್ಯಾಸ್ಕೆಟ್ ಎರಡು ಜಾಸ್ತಿ ತಂದಿರುತ್ತಾರೆ. ಆರ್‌ಸಿಬಿ ಮ್ಯಾಚ್ ಎಲ್ಲಿ ನೋಡೋದು ಅನ್ನೋದು ಮಾತ್ರ ನೆನಪಾಗೋದು ಐಪಿಎಲ್ ಶುರುವಾಗುವ ದಿನ ಸಂಜೆ ನಾಲ್ಕಕ್ಕೆ. ಆಗ ಫೋನ್ ಬರುತ್ತದೆ: "ಸರ್, ಹಾಟ್‌ಸ್ಟಾರ್ ಓಪನ್ನೇ ಆಗ್ತಿಲ್ಲ, ಏನ್ಮಾಡೋದು?" ಪ್ರತಿ ವರ್ಷ ಮಾರ್ಚ್‌ನಲ್ಲಿ ಇದೇ ಕಥೆ. ಆ ಫೋನು ಸ್ವಲ್ಪ ಕಡಿಮೆಯಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಂಪಾಲಾ, ದಾರ್ ಎಸ್ ಸಲಾಮ್ ಕಡೆಗೆ ಹೊರಟವರಿಗೂ ಹೆಚ್ಚುಕಡಿಮೆ ಇದೇ ದಾರಿ. ಗಡಿಯಾರವೂ ಒಂದೇ.

1. ಊರು ಬಿಡುವ ಮೊದಲು

ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಭಾರತದಿಂದ ನೇರವಾಗಿ ಬರುವವರಿಗೆ ಕೀನ್ಯಾದಲ್ಲಿ ಈ ಕಾರ್ಡ್ ಕಡ್ಡಾಯವಲ್ಲ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ತೊಂದರೆ ಇರೋದು ವಾಪಸ್ ಹೋಗುವಾಗ. ಕೀನ್ಯಾದಿಂದ ಬಂದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಈ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಅದು ಊರ್ಜಿತ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಚಿನ್ನಸ್ವಾಮಿಯಲ್ಲಿ ಮ್ಯಾಚ್ ನೋಡೋಕೆ ಅಂತ ವಾರದ ರಜೆ ಹಾಕಿ ಹೋಗಿ, ಆ ವಾರವನ್ನೆಲ್ಲ ಏರ್‌ಪೋರ್ಟಿನವರ ಸುಪರ್ದಿಯಲ್ಲಿ ಕಳೆಯೋದು ಯಾರಿಗೂ ಬೇಡ, ಅಲ್ವಾ?

ಭಾರತದ ಸಿಮ್ ಬಿಡಬೇಡಿ. ಬ್ಯಾಂಕಿನ ಓಟಿಪಿ ಬರೋದು ಅದಕ್ಕೇ. ಅಂತರರಾಷ್ಟ್ರೀಯ ರೋಮಿಂಗ್ ಅನ್ನು ಊರಲ್ಲಿದ್ದಾಗಲೇ ಆನ್ ಮಾಡಿಸಿ, ಆಗಾಗ ರೀಚಾರ್ಜ್ ಮಾಡುತ್ತಿರಿ. ಇಲ್ಲಿಂದ ಕೂತು ಕಸ್ಟಮರ್ ಕೇರ್ ಜೊತೆ ಗುದ್ದಾಡೋದು ದೊಡ್ಡ ಗೋಳು. ನಿಮ್ಮ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿ ಇರುವವರ ಖಾತೆ) ಮಾಡಿಸುವ ಕೆಲಸವನ್ನೂ ಹಾಗೇ ಮುಗಿಸಿಕೊಳ್ಳಿ.

ಮನೆಯ ಡಿಟಿಎಚ್ ಬಾಕ್ಸ್ ತರಬೇಡಿ. ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದವರನ್ನು ಕಂಡಿದ್ದೇನೆ. ಅದರ ಸಿಗ್ನಲ್ ಭಾರತಕ್ಕೆ ಅಂತ ಬಿಟ್ಟಿರೋದು, ಇಲ್ಲಿ ಅದು ಬರೀ ಡಬ್ಬ. ಉಪ್ಪಿನಕಾಯಿ, ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನಲ್ಲಿ ಕಟ್ಟಿ ತರೋದೂ ಬೇಡ. 2017ರಿಂದ ಕೀನ್ಯಾದಲ್ಲಿ ಅಂಥ ಚೀಲಗಳಿಗೆ ನಿಷೇಧವಿದೆ, ಬಟ್ಟೆ ಚೀಲ ತನ್ನಿ. ಇಲ್ಲಿಯ ಸಾಕೆಟ್ಟು ಇಂಗ್ಲೆಂಡಿನ ಥರದ್ದು, ಚಪ್ಪಟೆ ಮೂರು ಪಿನ್ನಿನದು. ವೋಲ್ಟೇಜ್ ಬದಲಾಗಲ್ಲ, ಪ್ಲಗ್ ಬದಲಾಯಿಸಿದರೆ ಸಾಕು.

ಇ-ಟಿಎ (ಕೀನ್ಯಾದೊಳಗೆ ಬರೋಕೆ ಆನ್‌ಲೈನ್ ಅನುಮತಿ), ವರ್ಕ್ ಪರ್ಮಿಟ್ ಎಲ್ಲ ಕಂಪನಿಯವರು ಮಾಡಿಸುತ್ತಾರೆ. ಮಾಡಿಸದಿದ್ದರೆ ಅಂಥ ಕಂಪನಿಗೆ ಬರೋದೇ ಬೇಡ.

2. ಮನೆ

ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಕಡೆ ನೋಡಿ. ಡೈಮಂಡ್ ಪ್ಲಾಜಾ ಹತ್ತಿರವಿದ್ದರೆ ಕರಿಬೇವು, ಉದ್ದಿನಬೇಳೆಗೆ ಪರದಾಡಬೇಕಿಲ್ಲ. ರಾಗಿ ಅಂತೂ ಇಲ್ಲಿಯದೇ ಬೆಳೆ. ಸೂಪರ್‌ಮಾರ್ಕೆಟ್ಟಿನಲ್ಲಿ 'ವಿಂಬಿ' ಹಿಟ್ಟು ಅಂತ ಕೇಳಿ. ಆದರೆ ಗಂಜಿಗೆ ಅಂತ ಜೋಳ, ಮರಗೆಣಸು ಬೆರೆಸಿದ ಪ್ಯಾಕೆಟ್ಟುಗಳೂ ಪಕ್ಕದಲ್ಲೇ ಇರುತ್ತವೆ. ಅದನ್ನು ತಂದು ಮುದ್ದೆ ಮಾಡಿದರೆ ಅಂಟು ಅಂಟು. ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ ಓದಿಯೇ ತಗೊಳ್ಳಿ.

ಮನೆ ನೋಡೋಕೆ ಹೋದಾಗ ಎರಡು ಪ್ರಶ್ನೆ ಕೇಳಲೇಬೇಕು. ಜನರೇಟರ್ ಇದೆಯಾ ಅಂತಷ್ಟೇ ಅಲ್ಲ, ಅದು ಮನೆಯೊಳಗಿನ ಸಾಕೆಟ್ಟಿಗೆ ಕರೆಂಟ್ ಕೊಡುತ್ತಾ ಅಂತ ಕೇಳಿ. ಎಷ್ಟೋ ಕಟ್ಟಡಗಳಲ್ಲಿ ಅದು ಬರೀ ಲಿಫ್ಟಿಗೆ ಮತ್ತು ಮೆಟ್ಟಿಲ ದೀಪಕ್ಕೆ. ಎರಡನೆಯದು, ತಾರಸಿಯ ಮೇಲೆ ಡಿಶ್ ಹಾಕಬಹುದಾ, ಅಥವಾ ಎಲ್ಲರಿಗೂ ಸೇರಿದ ಡಿಶ್ ಇದೆಯಾ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

3. ಫೋನ್ ಮತ್ತು ದುಡ್ಡು

ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ತಗೊಳ್ಳಿ, ಎಂ-ಪೆಸಾ ಆನ್ ಮಾಡಿಸಿ. ಮುಗೀತು. ತರಕಾರಿಯಿಂದ ಟಿವಿ ಬಿಲ್ಲಿನವರೆಗೆ ಎಲ್ಲಕ್ಕೂ ಅದೇ. ನಮ್ಮಲ್ಲಿ ಯುಪಿಐ ಹುಟ್ಟುವ ಎಷ್ಟೋ ಮೊದಲು, 2007ರಿಂದಲೇ ಇವರು ಫೋನಿನಲ್ಲಿ ದುಡ್ಡು ಕಳಿಸುತ್ತಿದ್ದಾರೆ.

4. ಮ್ಯಾಚ್ ತೆರೆಗೆ ಬರಿಸೋದು

ಎಲ್ಲರೂ ಎಡವೋದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲನೆಯ ಆಸೆ ವಿಪಿಎನ್, ಅಂದರೆ ನೀವು ಭಾರತದಲ್ಲೇ ಇದ್ದೀರಿ ಅಂತ ತೋರಿಸುವ ಆ್ಯಪ್. ಭಾರತದ ಜಿಯೋಹಾಟ್‌ಸ್ಟಾರ್ ಭಾರತದೊಳಗಿನ ವೀಕ್ಷಕರಿಗೆ. ವಿಪಿಎನ್ ಹಾಕಿ ಒಳಗೆ ನುಗ್ಗಿದರೆ ಅವರ ನಿಯಮ ಮುರಿದ ಹಾಗೆ. ಅದಿರಲಿ ಅಂದರೂ, ಅದು ಕೈ ಕೊಡೋದು ಯಾವಾಗ ಗೊತ್ತಾ? ಕೊನೇ ಓವರಿನಲ್ಲಿ. ಉಚಿತ ವಿಪಿಎನ್ ಅಂತೂ ಮುಟ್ಟಲೇಬೇಡಿ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಿಮ್ಮ ಮಾಹಿತಿ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡಾಡುವ "ಫ್ರೀ ಲೈವ್ ಲಿಂಕ್" ಇನ್ನೂ ಕೆಟ್ಟದ್ದು. ಒಂದು ಬಾಲ್ ನೋಡೋಕೆ ನಾಲ್ಕು ಬೆಟ್ಟಿಂಗ್ ಜಾಹೀರಾತು ಮುಚ್ಚಬೇಕು.

ಇನ್ನು ನಾನು ಹೇಳೋ ದಾರಿ. ಸಹಾರಾದ ಈಚೆಗಿನ ಆಫ್ರಿಕಾಕ್ಕೆಲ್ಲ ಐಪಿಎಲ್ ತೋರಿಸುತ್ತಾ ಬಂದಿರೋದು ಸೂಪರ್‌ಸ್ಪೋರ್ಟ್. ಅದು ಬರೋದು ಇಲ್ಲಿಯ ಡಿಟಿಎಚ್ ಆದ ಡಿಎಸ್‌ಟಿವಿಯಲ್ಲಿ. ಪ್ಯಾಕೇಜು ಹಲವಾರು ಇವೆ. ಅಂಗಡಿಯವನು "ಸ್ಪೋರ್ಟ್ಸ್ ಎಲ್ಲ ಬರುತ್ತೆ" ಅನ್ನುತ್ತಾನೆ. ಅವನ ಪ್ರಕಾರ ಸ್ಪೋರ್ಟ್ಸ್ ಅಂದರೆ ಫುಟ್ಬಾಲ್. ಹಾಗಾಗಿ "ಸೂಪರ್‌ಸ್ಪೋರ್ಟ್ ಕ್ರಿಕೆಟ್ ಚಾನೆಲ್ ಈ ಪ್ಯಾಕೇಜಿನಲ್ಲಿ ಇದೆಯಾ, ಈ ತಿಂಗಳು ಐಪಿಎಲ್ ಅದರಲ್ಲೇ ಬರುತ್ತಾ" ಅಂತ ಬಿಡಿಸಿ ಕೇಳಿ, ಅವನ ಟಿವಿಯಲ್ಲೇ ತೋರಿಸು ಅನ್ನಿ. ಆಮೇಲೆ ದುಡ್ಡು ಕೊಡಿ. ಸೀಸನ್ ಇಲ್ಲದ ತಿಂಗಳು ಸಣ್ಣ ಪ್ಯಾಕೇಜಿಗೆ ಇಳಿದರಾಯಿತು.

ಆ್ಯಪಿನಲ್ಲೂ ನೋಡಬಹುದು. ಆದರೆ ನನ್ನ ಓಟು ಡಿಶ್‌ಗೇ. ಸ್ಟ್ರೀಮಿಂಗ್ ಹಿಂದೆ ಬೀಳುತ್ತದೆ. ನಿಮ್ಮ ತೆರೆಯಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುವಾಗ ರಾಜಾಜಿನಗರದ ಭಾವ ಗ್ರೂಪಿನಲ್ಲಿ "ಸಿಕ್ಸ್!" ಅಂತ ಹಾಕಿರುತ್ತಾರೆ. ಸ್ಟ್ರೀಮಿಂಗೇ ಗತಿ ಅನ್ನುವವರು ಮ್ಯಾಚ್ ಮುಗಿಯುವವರೆಗೆ ಮನೆಯ ಗ್ರೂಪನ್ನು ಮ್ಯೂಟ್ ಮಾಡಿಬಿಡಿ. ಭಾವನಿಗೆ ಬೇಜಾರಾದರೆ ಆಗಲಿ.

ಡಿಶ್ ಹಾಕಿಸೋದರಲ್ಲೂ ಒಂದು ವಿಷಯವಿದೆ. ನೈರೋಬಿ ಇರೋದು ಭೂಮಧ್ಯರೇಖೆಯ ಪಕ್ಕ, ಸುಮಾರು 37 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಯ ಡಿಎಸ್‌ಟಿವಿ ಉಪಗ್ರಹ ಇರೋದು 36 ಡಿಗ್ರಿಯಲ್ಲಿ. ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೇ. ಹಾಗಾಗಿ ಇಲ್ಲಿ ಡಿಶ್‌ಗಳು ಬೆಂಗಳೂರಿನ ಥರ ಪಕ್ಕಕ್ಕೆ ವಾಲಿ ನಿಂತಿರಲ್ಲ, ರೊಟ್ಟಿ ತಟ್ಟೆಯ ಹಾಗೆ ಆಕಾಶ ನೋಡುತ್ತಾ ಮಲಗಿರುತ್ತವೆ. ಇದರಿಂದ ಒಂದು ಲಾಭ: ಎದುರು ಎಷ್ಟು ಎತ್ತರದ ಕಟ್ಟಡ ಬಂದರೂ ಅಡ್ಡ ಆಗಲ್ಲ. ಒಂದು ಕಷ್ಟ: ನಿಮ್ಮ ಬಾಲ್ಕನಿಯ ಮೇಲೆ ಇನ್ನೊಂದು ಬಾಲ್ಕನಿ ಇದ್ದರೆ ಅಲ್ಲಿ ಡಿಶ್ ಹಾಕಿ ಪ್ರಯೋಜನವಿಲ್ಲ. ಅದಕ್ಕೇ ತಾರಸಿ ಕೇಳಿ ಅಂದಿದ್ದು. ಇನ್ನೊಂದು ಕಷ್ಟ, ಮಲಗಿದ ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಎಲೆ ಬೀಳುತ್ತದೆ. ಹಾಕುವವನಿಗೆ ನೀರು ಹರಿದುಹೋಗುವ ಹಾಗೆ ಕೂರಿಸು ಅನ್ನಿ. ಕೇಬಲ್ ಜೋಡಣೆಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಿಸಿ, ಎದುರು ನಿಂತು ನೋಡಿ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಇಲ್ಲಿಯ ದೊಡ್ಡ ಮಳೆಗಾಲ ಮಾರ್ಚ್‌ನಿಂದ ಮೇ. ಐಪಿಎಲ್ ನಡೆಯೋದೂ ಆಗಲೇ. ಜೋರು ಮಳೆ ಬಂದರೆ ಸಿಗ್ನಲ್ ಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಆದರೆ ಸಡಿಲ ಕೂತ ಡಿಶ್‌ಗೆ ತುಂತುರು ಮಳೆಯೇ ಸಾಕು. ಬಿಸಿಲಿರುವಾಗಲೇ, ಫೆಬ್ರವರಿಯಲ್ಲೇ ಹಾಕಿಸಿ, ಸೆಟ್ಟಿಂಗಿಗೆ ಹೋಗಿ ಸಿಗ್ನಲ್ ಎಷ್ಟಿದೆ ನೋಡಿ. ಮಾರ್ಚ್ ಕೊನೆಗೆ ಕರೆದರೆ ಯಾರೂ ಬರಲ್ಲ.

ಕರೆಯುವಾಗ ಗಂಟೆಯ ಬಗ್ಗೆ ಹುಷಾರು. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಿಗ್ಗೆ ಆರರಿಂದ. ಅವರ ನಾಲ್ಕು ಗಂಟೆ ಅಂದರೆ ನಮ್ಮ ಹತ್ತು. ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಕರೆಂಟು ಹೋಗುತ್ತದೆ, ಹೋಗೇ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಪ್ರಿಪೇಯ್ಡ್ ಮೀಟರ್. ಫೋನಿನಲ್ಲಿ ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಟಾಸಿಗೆ ಮುಂಚೆ ಯೂನಿಟ್ ಎಷ್ಟು ಉಳಿದಿದೆ ಅಂತ ನೋಡಿ. ರೌಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿ. ಡಿಶ್ ಹೋದಾಗ ಫೋನಿನಲ್ಲಾದರೂ ಓಡುತ್ತದೆ. ದಾರಿಬದಿಯಲ್ಲಿ ಸಿಗುವ ಹೆಸರಿಲ್ಲದ ಯುಪಿಎಸ್ ಬೇಡ, ಎರಡು ತಿಂಗಳಿಗೆ ಬ್ಯಾಟರಿ ಉಬ್ಬಿಕೊಳ್ಳುತ್ತದೆ.

ಕನ್ನಡ ಕಾಮೆಂಟರಿ ಸೂಪರ್‌ಸ್ಪೋರ್ಟಿನಲ್ಲಿ ಬರಲ್ಲ. ಅದೊಂದು ಕೊರತೆ ಕೊರತೆಯೇ.

5. ಗಡಿಯಾರ

ನೈರೋಬಿ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ವರ್ಷಪೂರ್ತಿ ಇಷ್ಟೇ, ಬದಲಾಗಲ್ಲ. ಏಳೂವರೆಯ ಮ್ಯಾಚ್ ಇಲ್ಲಿ ಸಂಜೆ 5ಕ್ಕೆ, ಮೂರೂವರೆಯದು ಮಧ್ಯಾಹ್ನ 1ಕ್ಕೆ. ಕೇಳೋಕೆ ಚೆನ್ನಾಗಿದೆ, ರಾತ್ರಿ ಒಂಬತ್ತರೊಳಗೆ ಎಲ್ಲ ಮುಗಿಯುತ್ತದೆ. ಆದರೆ 5 ಗಂಟೆ ಅಂದರೆ ಇಲ್ಲಿ ಟ್ರಾಫಿಕ್ ಉಕ್ಕುವ ಹೊತ್ತು. ಮೊದಲ ಇನಿಂಗ್ಸ್ ಕಾರಿನಲ್ಲೇ ಕಳೆಯುತ್ತದೆ. ಡ್ರೈವ್ ಮಾಡುತ್ತಾ ಫೋನ್ ನೋಡೋದು ಬೇಡ. ಸ್ಕೋರು ಮನೆಗೆ ಬಂದು ನೋಡಿ, ಚೇಸಿಂಗ್ ಹೇಗೂ ಪೂರ್ತಿ ಸಿಗುತ್ತದೆ. ಎರಡು ಆಫೀಸು ನಿಮ್ಮ ಮುಂದಿದ್ದರೆ ಮನೆಗೆ ಹತ್ತಿರದ್ದನ್ನೇ ಆರಿಸಿ, ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

2025ರ ಜೂನ್ 3, ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದ ದಿನ, ಮಂಗಳವಾರ. ಅಂಥ ದಿನಕ್ಕೆ ಅರ್ಧ ದಿನದ ರಜೆಯನ್ನು ಮೊದಲೇ ಎತ್ತಿಟ್ಟುಕೊಳ್ಳಿ. ಹೊಟ್ಟೆನೋವಿನ ನೆಪಕ್ಕಿಂತ ನಿಜ ಹೇಳೋದು ಒಳ್ಳೆಯದು. ಫುಟ್ಬಾಲ್ ಹುಚ್ಚಿನ ಊರಿದು, ಕೀನ್ಯಾದ ಬಾಸ್‌ಗೆ ಅರ್ಥವಾಗುತ್ತದೆ.

ಲಾಗೋಸ್‌ಗೆ ಹೋಗುವವರಿಗೆ ವ್ಯತ್ಯಾಸ ನಾಲ್ಕೂವರೆ ಗಂಟೆ, ಜೋಹಾನ್ಸ್‌ಬರ್ಗಿಗೆ ಮೂರೂವರೆ.

6. ಹೊರಗೆ ಕೂತು ನೋಡಬೇಕು ಅಂದರೆ

ಶನಿವಾರ ಬೇಡ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಮಧ್ಯಾಹ್ನ ಮೂರರ ಪಂದ್ಯಗಳು ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರಿಯಾಗಿ ಸಂಜೆ 5ಕ್ಕೇ ಬರುತ್ತವೆ. ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ಅಂದರೆ ಇಲ್ಲಿಯವರಿಗೆ ಪ್ರಾಣ. ಆಗ ಬಾರಿನವನ ಹತ್ತಿರ ಹೋಗಿ ಕ್ರಿಕೆಟ್ ಹಾಕಪ್ಪಾ ಅಂದರೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ವಾರದ ನಡುವೆ ಹೋಗಿ, ಮೊದಲೇ ಫೋನ್ ಮಾಡಿ ಒಂದು ಟಿವಿ ಹೇಳಿಟ್ಟುಕೊಳ್ಳಿ. ಭಾರತೀಯರು ಜಾಸ್ತಿ ಬರುವ ಕ್ಲಬ್ಬುಗಳಲ್ಲಿ ಈ ರಗಳೆ ಇಲ್ಲ. ಆದರೆ ಗುಜರಾತ್ ಟೈಟನ್ಸ್ ಕಡೆಯವರು ಜಾಸ್ತಿ ಇರುತ್ತಾರೆ, ತಯಾರಾಗಿ ಹೋಗಿ.

ಪಕ್ಕದ ಟೇಬಲ್ಲಿನವರು ಬೆಟ್ಟಿಂಗ್ ಆ್ಯಪ್ ತೆಗೆದು "ನೀವೂ ಹಾಕಿ" ಅಂತಾರೆ. ನಕ್ಕು ಸುಮ್ನೆ ಇರಿ.

7. ರಣಜಿ, ಕಬಡ್ಡಿ, ಕಂಬಳ

ರಣಜಿ ಶುರುವಾಗೋದು ಇಲ್ಲಿ ಬೆಳಿಗ್ಗೆ 7ಕ್ಕೆ. ತೆರೆಯ ಮೇಲೆ ಸಿಗುತ್ತದೆ ಅನ್ನೋ ಆಸೆ ಇಟ್ಟುಕೊಳ್ಳಬೇಡಿ, ಬಿಸಿಸಿಐ ಸೈಟಿನ ಸ್ಕೋರ್‌ಕಾರ್ಡೇ ಗತಿ. ನನಗಂತೂ ಅದೇ ಇಷ್ಟ. ಕಾಫಿ ಕುಡಿಯುತ್ತಾ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ನೋಡಿದರೆ ದಿನದಾಟ ಮುಗಿದಿರುತ್ತದೆ. ಬೆಂಗಳೂರು ಬುಲ್ಸ್ ಕಬಡ್ಡಿ ಎಂಟಕ್ಕಿದ್ದರೆ ಇಲ್ಲಿ ಐದೂವರೆ. ಅದು ಎಲ್ಲಿ ಬರುತ್ತದೆ ಅಂತ ಪ್ರತಿ ಸೀಸನ್ ಹೊಸದಾಗಿ ಹುಡುಕಬೇಕು.

ಎಲ್ಲರಿಗಿಂತ ಅದೃಷ್ಟವಂತರು ಮಂಗಳೂರು, ಉಡುಪಿ ಕಡೆಯವರು. ಕಂಬಳವನ್ನು ಊರಿನ ಚಾನೆಲ್ಲುಗಳೇ ಯೂಟ್ಯೂಬಿನಲ್ಲಿ ನೇರವಾಗಿ ಬಿಡುತ್ತವೆ. ವಿಪಿಎನ್ ಬೇಡ, ಪ್ಯಾಕೇಜ್ ಬೇಡ. ಶನಿವಾರ ಶುರುವಾದದ್ದು ಭಾನುವಾರ ಬೆಳಗಾದರೂ ನಡೆಯುತ್ತಿರುತ್ತದೆ, ಡೇಟಾ ಮಾತ್ರ ನೋಡಿಕೊಳ್ಳಿ. ಕೊಡಗಿನವರಿಗೆ ಏಪ್ರಿಲ್, ಮೇನಲ್ಲಿ ಕೌಟುಂಬಿಕ ಹಾಕಿಯೂ ಹೀಗೇ ಸಿಗುತ್ತದೆ.

8. ನೋಡಿದ್ದು ಸಾಕು, ಆಡಿ

ನೈರೋಬಿಯಲ್ಲಿ ಕ್ರಿಕೆಟ್ ಲೀಗ್ ಇದೆ. ಜಿಮ್ಖಾನಾ, ಸಿಖ್ ಯೂನಿಯನ್, ರುವಾರಾಕಾ, ಸರ್ ಅಲಿ ಮುಸ್ಲಿಂ ಕ್ಲಬ್ ಎಲ್ಲ ಹಳೆಯ ಕ್ಲಬ್ಬುಗಳು. ಹೊಸ ಊರಲ್ಲಿ ಗೆಳೆಯರು ಬೇಕು ಅಂದರೆ ಭಾನುವಾರ ಮೈದಾನಕ್ಕೆ ಹೋಗೋದಕ್ಕಿಂತ ಬೇರೆ ದಾರಿ ನನಗೆ ಗೊತ್ತಿಲ್ಲ. ಬರೀ ಟಿವಿ ಮುಂದೆ ಕೂತವರು ಎರಡನೇ ವರ್ಷಕ್ಕೆ ಊರಿಗೆ ಟಿಕೆಟ್ ಹುಡುಕುತ್ತಾರೆ.

ಜಿಮ್ಖಾನಾಕ್ಕೆ ಹೋದರೆ ನೆನಪಿರಲಿ: 1999ರ ಸೆಪ್ಟೆಂಬರ್ 26ರಂದು ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ಇಲ್ಲೇ. ಅದೇ ಟೂರ್ನಿಯಲ್ಲಿ ಭಾರತ ತಂಡಕ್ಕೆ ಬಂದ ನಮ್ಮ ವಿಜಯ್ ಭಾರದ್ವಾಜ್ ಸರಣಿಶ್ರೇಷ್ಠ ಆದರು. 2024ರ ಆಗಸ್ಟ್‌ನಲ್ಲಿ ನಮ್ಮ ಹಳೆಯ ಬೌಲರ್ ದೊಡ್ಡ ಗಣೇಶ್ ಕೀನ್ಯಾ ತಂಡದ ಕೋಚ್ ಆದಾಗ ಇಲ್ಲಿ ನಮಗೆಲ್ಲ ಕುಣಿಯುವಷ್ಟು ಖುಷಿಯಾಗಿತ್ತು. ಆದರೆ ಆ ಒಪ್ಪಂದ ಹೆಚ್ಚು ದಿನ ಉಳಿಯಲಿಲ್ಲ.

ಬ್ಯಾಟು, ಪ್ಯಾಡು ಊರಿಂದಲೇ ತನ್ನಿ, ಇಲ್ಲಿ ಬೆಲೆ ಜಾಸ್ತಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು. ಮೊದಲ ಕೆಲವು ವಾರ ಮೂರನೇ ರನ್ನಿಗೆ ಓಡಬೇಡಿ.