ಸಂಡೂರು ಗುಡ್ಡದಾಗ ಕಂಪಾಸ್ ಬಳಸೋದು ಹೆಂಗ?

ಮಳೆಗಾಲದಾಗ ಸಂಡೂರು ಕಡೆ ಗುಡ್ಡ ಹತ್ತೋರಿಗೆ ಗೊತ್ತಿರ್ತೈತಿ, ಮಂಜು ಇಳಿದ್ರ ಸೂರ್ಯನೂ ಕಾಣಲ್ಲ ಎದುರಿನ ಗುಡ್ಡಾನೂ ಕಾಣಲ್ಲ, ನೆಟ್‌ವರ್ಕ್ ಅಂತೂ ಕೇಳಬ್ಯಾಡ್ರಿ. ಪ್ಲಾಸ್ಟಿಕ್ ತಳದ ಕಂಪಾಸ್ ಒಂದು ಜೇಬಿನಾಗ ಇರ್ಲಿ.

ಹೋಗಬೇಕಾದ ಜಾಗ ಕಣ್ಣಿಗೆ ಕಾಣೋವಾಗ್ಲೇ ಡಿಗ್ರಿ ತಗೊಂಡ್ಬಿಡ್ರಿ. ಎದಿ ಮಟ್ಟಕ್ಕ ಸಮಾ ಹಿಡೀರಿ, ವಾರೆ ಆದ್ರ ಮುಳ್ಳು ತಳಕ್ಕ ತಾಗಿ ನಿಂತ್ಬಿಡ್ತೈತಿ. ತಳದ ಬಾಣ ಆ ಜಾಗದ ಕಡೆ ಮಾಡಿ, ನಂಬರ್ ಇರೋ ಚಕ್ರ ತಿರುಗಿಸ್ರಿ, ಅದರೊಳಗಿನ ಗುರುತು ಮುಳ್ಳಿನ ಕೆಂಪು ತುದಿ ಕೆಳಗ ಕರೆಕ್ಟ್ ಬರೋತನಕ. ಈಗ ಬಾಣದ ಗೆರೆಗೆ ಬಂದಿರೋ ನಂಬರೇ ನಿಮ್ಮ ದಿಕ್ಕು, 70 ಅಂದ್ರ ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕ.

ನಡೆಯೋವಾಗ ಚಕ್ರ ಮುಟ್ಟಬ್ಯಾಡ್ರಿ, ಕೆಂಪು ತುದಿ ಗುರುತಿನಾಗ ಕೂರೋತನಕ ನೀವೇ ತಿರುಗ್ರಿ, ಬಾಣದ ನೇರಕ್ಕ ಬಂಡೆನೋ ಮರಾನೋ ಒಂದು ಗುರುತು ಇಟ್ಕೊಂಡು ಅಲ್ಲಿಗೆ ಹೋಗಿ ನಿಂತು ಮತ್ತ ನೋಡ್ರಿ. ಮುಳ್ಳು ನೋಡ್ಕೊಂತ ನಡದ್ರ ಕಾಲಿಗೆ ಜಾಲಿಮುಳ್ಳು ಗ್ಯಾರಂಟಿ. ಅಡ್ಡ ತಗ್ಗು ಬಂದ್ರ ಬಲಕ್ಕ 90 ಡಿಗ್ರಿ ತಿರುಗಿ ಹೆಜ್ಜೆ ಎಣಿಸ್ರಿ, ಮೊದಲಿನ ದಿಕ್ಕಿಗೇ ನಡೆದು ತಗ್ಗು ದಾಟಿದ ಮ್ಯಾಲೆ ಅಷ್ಟೇ ಹೆಜ್ಜೆ ಎಡಕ್ಕ ಬರ್ರಿ.

ಇನ್ನ ಅಸಲಿ ವಿಷಯ. ಸಂಡೂರು ಗುಡ್ಡ ಅಂದ್ರ ಕಬ್ಬಿಣದ ಅದಿರು. ಅದರಾಗ ಹೆಮಟೈಟ್ ಅನ್ನೋ ಅದಿರು ಮುಳ್ಳನ್ನ ಅಷ್ಟೇನ್ ಎಳಿಯಲ್ಲ, ಆದ್ರ ಮ್ಯಾಗ್ನೆಟೈಟ್ ಅನ್ನೋ ಕರಿ ಅದಿರು ಇದ್ದಲ್ಲಿ ಮುಳ್ಳು ಸುಳ್ಳು ಹೇಳ್ತೈತಿ. ಇದಕ್ಕ ಸರ್ವೇದವರದೊಂದು ಉಪಾಯ ಐತಿ: ಇಲ್ಲಿಂದ ಬಂಡೆಗೆ 70 ಬಂತು ಅನ್ಕೊಳ್ರಿ, ಬಂಡೆ ಹತ್ರ ಹೋಗಿ ವಾಪಸ್ ಹೊಂಟ ಜಾಗಕ್ಕ ನೋಡಿದ್ರ 250 ಬರಬೇಕು, ಅಂದ್ರ 180 ಫರಕು, 235 ಏನಾರ ತೋರಿಸ್ತು ಅಂದ್ರ ಎರಡರಾಗ ಒಂದ್ಕಡೆ ಕಲ್ಲು ಎಳಿಯಾಕತ್ತೈತಿ, ಒಂದು ಹತ್ತಿಪ್ಪತ್ತು ಹೆಜ್ಜೆ ಸರಿದು ಮತ್ತ ತಗೊಳ್ರಿ. ಬೈಕ್ ಪಕ್ಕ, ಕರೆಂಟ್ ಲೈನ್ ಕೆಳಗ ನಿಂತು ನೋಡೋದಂತೂ ಬ್ಯಾಡ.

ಮ್ಯಾಪಿನ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ನಮ್ಮ ಕಡೆ ಫರಕು 1 ಡಿಗ್ರಿ ಆಸುಪಾಸು, ಕಿಲೋಮೀಟರಿಗೆ 17 ಮೀಟರ್ ತಪ್ಪು, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ.

ಮೊಬೈಲ್ ಇಟ್ಟ ಜೇಬಿನಾಗ ಮಾತ್ರ ಕಂಪಾಸ್ ಇಡಬ್ಯಾಡ್ರಿ. ಸ್ಪೀಕರಿನ ಅಯಸ್ಕಾಂತ ತಾಗಿ ಕೆಲವೊಮ್ಮೆ ಮುಳ್ಳು ಪೂರ್ತಿ ಉಲ್ಟಾ ಆಗ್ತೈತಿ, ಕೆಂಪು ತುದಿ ದಕ್ಷಿಣ ತೋರಿಸ್ತೈತಿ. ಮನಿ ಬಿಡೋಕಿಂತ ಮೊದ್ಲ ಹೊತ್ತು ಹುಟ್ಟೋ ಕಡೆ ಮುಖ ಮಾಡಿ ನಿಂತು, ಕೆಂಪು ತುದಿ ಎಡಗೈ ಕಡೆ ಐತೇನು ನೋಡ್ಕೊಳ್ರಿ.