ಆ್ಯಪ್ ಉದ್ಯಮ ಆರಂಭಿಸುವವರಿಗೆ ಒಂದು ಸಲಹೆ

ಕೊಡಗಿನಲ್ಲಿದ್ದುಕೊಂಡೇ ಮೊಬೈಲ್ ಆ್ಯಪ್ ಉದ್ಯಮ ಆರಂಭಿಸಬಯಸುವ ಹಲವರು ಮೊದಲು ಯೋಚಿಸುವುದು ಹೋಂಸ್ಟೇ ಬುಕಿಂಗ್ ಬಗ್ಗೆ. ಆದರೆ ಜಾಹೀರಾತಿಗೆ ಧಾರಾಳವಾಗಿ ಹಣ ಸುರಿಯಬಲ್ಲ ದೊಡ್ಡ ಕಂಪನಿಗಳು ಈಗಾಗಲೇ ತುಂಬಿರುವ ಆ ಕ್ಷೇತ್ರದಲ್ಲಿ ಹೊಸಬರು ನೆಲೆಯೂರುವುದು ಬಹಳ ಕಷ್ಟವೆಂಬುದು ನನ್ನ ಅಭಿಪ್ರಾಯ.

ಅದರ ಬದಲು ದೊಡ್ಡವರ ಕಣ್ಣಿಗೆ ಬೀಳದ ಸಣ್ಣ ಅಗತ್ಯವೊಂದನ್ನು ಹುಡುಕಿರಿ. ನಮ್ಮ ಬೆಳೆಗಾರರಲ್ಲಿ ಅನೇಕರು ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ರೋಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂಬ ಲೆಕ್ಕವೂ ಪುಸ್ತಕದಲ್ಲೇ ಉಳಿಯುತ್ತದೆ. ಈ ಎರಡನ್ನೇ ಅಚ್ಚುಕಟ್ಟಾಗಿ ಮಾಡುವ ಕನ್ನಡ ಆ್ಯಪ್‌ಗೆ ಹಣ ಕೊಡುವಿರಾ ಎಂದು, ಒಂದು ಸಾಲು ಕೋಡ್ ಬರೆಯುವ ಮೊದಲೇ, ಹತ್ತು ತೋಟದವರನ್ನು ಕೇಳಿರಿ. ಚೆನ್ನಾಗಿದೆ ಎಂಬ ಹೊಗಳಿಕೆಯನ್ನು ಮಾತ್ರ ಉತ್ತರವೆಂದು ಎಣಿಸಬೇಡಿ. ಮಳೆಗಾಲದಲ್ಲಿ ಕರೆಂಟಿನೊಂದಿಗೆ ನೆಟ್‌ವರ್ಕ್ ಕೂಡ ಹೋಗುವುದರಿಂದ, ಮಾಹಿತಿ ಮೊದಲು ಫೋನಿನಲ್ಲೇ ಉಳಿದು ಸಿಗ್ನಲ್ ಬಂದಾಗ ಸರ್ವರ್‌ಗೆ ಸೇರುವ ವ್ಯವಸ್ಥೆ ಇರಲೇಬೇಕು.

ಐಫೋನ್ ಆ್ಯಪ್ ಬಿಡುಗಡೆಗೆ ಬೇಕಾದ ಆ್ಯಪಲ್ ಡೆವಲಪರ್ ಖಾತೆಗೆ ಪ್ರತಿ ವರ್ಷ 99 ಡಾಲರ್ ತೆರಬೇಕಾದರೆ, ಗೂಗಲ್ ಪ್ಲೇ ನೋಂದಣಿಗೆ ಒಮ್ಮೆ 25 ಡಾಲರ್ ಸಾಕು. ಆದ್ದರಿಂದ ಆ್ಯಂಡ್ರಾಯ್ಡ್‌ನಿಂದಲೇ ಆರಂಭಿಸುವುದು ಲೇಸು. ಆದರೆ 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇಯಲ್ಲಿ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಆ್ಯಪ್ ಬಿಡುಗಡೆಗೆ ಮುನ್ನ ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಾ ಬಳಕೆದಾರರಾಗಿ ಇರಬೇಕೆಂಬ ನಿಯಮವಿದೆ. ಈ ಹನ್ನೆರಡು ಮಂದಿ ಗೆಳೆಯರಾಗಿರದೆ ತೋಟದ ಲೆಕ್ಕ ಬರೆಯುವ ರೈಟರ್‌ಗಳಾಗಿರಲಿ, ಮತ್ತು ಅವರನ್ನು ಕೊಯ್ಲು ಬಿರುಸಾಗುವ ಮುಂಚೆಯೇ ಒಪ್ಪಿಸಿರಿ.