ಅದಿರಿನ ಧೂಳಿನ ಊರಿನಲ್ಲಿ ಬಟ್ಟೆಯ ಸೋಫಾ: ಕಲೆ ತೆಗೆಯುವ ನನ್ನ ಅನುಭವ

ಬಳ್ಳಾರಿಯಲ್ಲಿ ಬಟ್ಟೆ ಹೊದಿಸಿದ ಸೋಫಾ, ಕುರ್ಚಿಗಳನ್ನು ಸ್ವಚ್ಛಗೊಳಿಸುವುದು ನನ್ನ ವೃತ್ತಿ. ಸಂಡೂರು ಮತ್ತು ತೋರಣಗಲ್ಲು ಕಡೆಯ ಮನೆಗಳಿಗೂ ಹೋಗುತ್ತೇನೆ. ಈ ಭಾಗದಲ್ಲಿ ಸೋಫಾದ ಮೇಲೆ ಚಹಾ ಚೆಲ್ಲಿರಲಿ, ಸಾರು ಬಿದ್ದಿರಲಿ, ಆ ಕಲೆಯ ಅಡಿಯಲ್ಲಿ ಅದಿರಿನ ಕೆಂಪು ಧೂಳು ಮೊದಲೇ ಮನೆಮಾಡಿರುತ್ತದೆ. ಆದ್ದರಿಂದ ಒಂದು ಹನಿ ನೀರು ತಾಗಿಸುವ ಮೊದಲು ಧೂಳನ್ನು ಒಣಗಿದ್ದಾಗಲೇ ಹೊರತೆಗೆಯಬೇಕು ಎಂಬುದನ್ನು ನಾನು ಎಲ್ಲಿಯೂ ಬಿಟ್ಟುಕೊಡುವುದಿಲ್ಲ.

ಅದಿರಿನ ಧೂಳಿನಲ್ಲಿ ಹೆಚ್ಚಿನ ಪಾಲು ಕಬ್ಬಿಣದ ಆಕ್ಸೈಡ್ ಇರುತ್ತದೆ. ಅದು ನೀರಿನಲ್ಲಾಗಲಿ ಸೋಪಿನಲ್ಲಾಗಲಿ ಕರಗುವ ವಸ್ತುವಲ್ಲ. ಒದ್ದೆಯಾದೊಡನೆ ಕೆಸರಾಗಿ ನೂಲಿನ ಎಳೆಗಳ ನಡುವೆ ಇಳಿದುಬಿಡುತ್ತದೆ. ಮೆತ್ತೆಯ ಅಂಚಿನ ಪೈಪಿಂಗ್ ಹೊಲಿಗೆಯನ್ನು ಬೆರಳಿನಿಂದ ಅಗಲಿಸಿ ನೋಡಿದರೆ ಅಲ್ಲಿ ಕುಂಕುಮದಷ್ಟು ನುಣ್ಣಗಿನ ಗೆರೆಯೊಂದು ಕೂತಿರುತ್ತದೆ. ಮೆತ್ತೆಗಳನ್ನು ಅಂಗಳಕ್ಕೆ ಒಯ್ದು ಹಿಂಬದಿಯಿಂದ ಬಡಿದು, ಮೃದು ಬ್ರಷ್‌ನಿಂದ ಒಂದೇ ದಿಕ್ಕಿಗೆ ಕೆದಕಿ, ವ್ಯಾಕ್ಯೂಮ್ ಕ್ಲೀನರ್‌ನ ಚಪ್ಪಟೆ ಮೂತಿಯನ್ನು ಹೊಲಿಗೆಯ ಗುಂಟ ನಿಧಾನವಾಗಿ ಎಳೆಯುತ್ತೇನೆ. ಒಣಗಿದ ಬಿಳಿ ಬಟ್ಟೆಯಿಂದ ಒತ್ತಿ ಒರೆಸಿದಾಗ ಅದರಲ್ಲಿ ಕೆಂಪು ಕಾಣದಂತಾಗುವವರೆಗೆ ಈ ಕೆಲಸ ನಡೆಯುತ್ತದೆ. ನೋಡುವವರಿಗೆ ಇದು ಸಮಯ ಕಳೆಯುವಂತೆ ತೋರಬಹುದು, ಆದರೆ ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ಮೊಳೆ ಅಥವಾ ಕಬ್ಬಿಣದ ಚೌಕಟ್ಟಿನಿಂದ ಹತ್ತಿದ ತುಕ್ಕಿನ ಕಲೆಗೆ ಮಾತ್ರ ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆಉಪ್ಪು ಕರಗಿಸಿ, ಹಿಂಬದಿಯಲ್ಲಿ ಬಣ್ಣ ಬಿಡುವುದಿಲ್ಲವೆಂದು ಪರೀಕ್ಷಿಸಿಕೊಂಡು ಹಚ್ಚುತ್ತೇನೆ. ಬ್ಲೀಚಿಂಗ್ ದ್ರಾವಣವನ್ನು ಎಂದೂ ಬಳಸುವುದಿಲ್ಲ. ಅದು ತುಕ್ಕನ್ನು ತೆಗೆಯುವುದಿಲ್ಲ, ಬಟ್ಟೆಯ ಬಣ್ಣವನ್ನು ಕೆಡಿಸುತ್ತದೆ, ನಿಂಬೆಉಪ್ಪಿನಂಥ ಆಮ್ಲದೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲವನ್ನೂ ಹೊರಬಿಡುತ್ತದೆ.

ನಮ್ಮ ಮನೆಗಳಲ್ಲಿ ಅತಿ ಹಟದ ಕಲೆ ಯಾವುದೆಂದು ಕೇಳಿದರೆ, ತಲೆ ಒರಗುವ ಜಾಗದಲ್ಲಿ ಕೊಬ್ಬರಿ ಎಣ್ಣೆ ಮತ್ತು ಧೂಳು ಸೇರಿ ಕಪ್ಪಾದ ಪಟ್ಟಿಯನ್ನೇ ತೋರಿಸುತ್ತೇನೆ. ಅಲ್ಲಿ ಮೆಕ್ಕೆಜೋಳದ ಹಿಟ್ಟನ್ನು ದಪ್ಪವಾಗಿ ಉದುರಿಸಿ, ಹಗುರವಾಗಿ ಒತ್ತಿ, ರಾತ್ರಿಯಿಡೀ ಬಿಡಲು ಹೇಳುತ್ತೇನೆ. ಹಿಟ್ಟು ಎಣ್ಣೆಯನ್ನು ಹೀರಿಕೊಂಡು ಅಲ್ಲಲ್ಲಿ ಗಂಟು ಕಟ್ಟಿರುತ್ತದೆ. ಅದನ್ನು ಎಳೆದು ತೆಗೆದ ಮೇಲೆ, ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿಗಳನ್ನು ನೀರಿನಲ್ಲಿ ನೊರೆ ಬರಿಸಿ, ನೀರನ್ನು ಬಿಟ್ಟು ನೊರೆಯನ್ನಷ್ಟೇ ಸ್ಪಂಜಿನಿಂದ ಹಚ್ಚಬೇಕು. ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಬಂದರೆ ಅದು ಹರಡುವುದಿಲ್ಲ. ಗಸಗಸ ಉಜ್ಜಿದರೆ ಕಲೆ ಆಳಕ್ಕೆ ಇಳಿಯುತ್ತದೆ, ಬಟ್ಟೆಯ ಮೇಲ್ಮೈಯೂ ಎದ್ದು ಜುಂಗು ಜುಂಗಾಗುತ್ತದೆ.

ಅರಿಶಿನದ ಕಲೆಯ ವಿಷಯದಲ್ಲಿ ಮನೆಯವರು ಗಾಬರಿಯಾಗುವುದು ಸಹಜ. "ಅಣ್ಣಾ, ಸೋಪು ಹಚ್ಚಿದ್ರ ಹಳದಿ ಇದ್ದದ್ದು ಕೆಂಪಗ ಆಗಿಬಿಟ್ಟೈತಿ" ಎಂದು ಕರೆ ಮಾಡುತ್ತಾರೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದಾಗ ಕೆಂಪಾಗುತ್ತದೆ, ಸ್ವಲ್ಪ ನಿಂಬೆರಸ ಅಥವಾ ವಿನೆಗರ್ ಮುಟ್ಟಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ, ಹೆದರಬೇಕಾದ್ದಿಲ್ಲ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಹಾಗಾಗಿ ದೇವರ ದೀಪವನ್ನೂ ಅಡುಗೆಮನೆಯ ಒಲೆಯನ್ನೂ ಆರಿಸಲು ಹೇಳಿ, ಕಿಟಕಿ ತೆರೆದು, ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಕಲೆಯನ್ನು ಎತ್ತುತ್ತೇನೆ. ಹತ್ತಿ ಹಳದಿಯಾದಂತೆಲ್ಲ ಬದಲಿಸುತ್ತ ಹೋಗುತ್ತೇನೆ. ಉಳಿದ ಮಬ್ಬು ಹಳದಿಯನ್ನು ನಮ್ಮ ಬಿಸಿಲು ತೆಗೆಯುತ್ತದೆ, ಏಕೆಂದರೆ ಕರ್ಕ್ಯುಮಿನ್ ಬೆಳಕಿಗೆ ನಿಲ್ಲುವ ಬಣ್ಣವಲ್ಲ. ಗಾಢ ಬಣ್ಣದ ಬಟ್ಟೆಯನ್ನು ಮಾತ್ರ ಹೆಚ್ಚು ಹೊತ್ತು ಬಿಸಿಲಿಗೆ ಇಡಬಾರದು.

ಚಹಾದ ಕಲೆಗೆ ನೀರಿನ ಆಯ್ಕೆ ಬಹಳ ಮುಖ್ಯ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಕೊಡುವುದಿಲ್ಲ, ಒಣಗಿದ ಮೇಲೆ ಬಿಳಿ ಅಂಚು ಉಳಿಯುತ್ತದೆ. ಆ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಚಹಾದ ಟ್ಯಾನಿನ್ ಅದರೊಂದಿಗೆ ಸೇರಿ ಕಲೆಯನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಕುಡಿಯಲು ತರುವ ಕ್ಯಾನ್ ನೀರನ್ನೇ ಕೇಳಿ ಪಡೆಯುತ್ತೇನೆ. ಒಂದು ಚೊಂಬು ಸಾಕಾಗುತ್ತದೆ. ಅದಕ್ಕೆ ಸ್ವಲ್ಪ ಬಿಳಿ ವಿನೆಗರ್ ಬೆರೆಸಿ ಒತ್ತಿ ಹೀರಿಸುತ್ತೇನೆ. ತಿಳಿ ಬಣ್ಣದ ಬಟ್ಟೆಯಲ್ಲಿ ಹಳೆಯ ಕಲೆ ಇನ್ನೂ ಉಳಿದರೆ, ಪರೀಕ್ಷಿಸಿಕೊಂಡು ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತೇನೆ.

ಹೋದ ಕಲೆ ಮತ್ತೆ ಮೇಲೇಳುತ್ತದೆ ಎಂಬ ದೂರು ಎಲ್ಲೆಡೆ ಇದೆ. ಫೋಮಿನ ಆಳಕ್ಕೆ ಇಳಿದ ನೀರು ಮೇಲ್ಮೈಯಿಂದ ಆರುವಾಗ ಒಳಗಿನ ಕೊಳೆಯನ್ನು ತನ್ನೊಡನೆ ಎಳೆದು ತರುವುದೇ ಇದಕ್ಕೆ ಕಾರಣ. ನೀರನ್ನು ಕಡಿಮೆ ಬಳಸುವುದರ ಜೊತೆಗೆ, ಕೊನೆಯಲ್ಲಿ ಕಲೆಯಿದ್ದ ಜಾಗದ ಮೇಲೆ ಹಳೆಯ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೊಂದು ಭಾರವಾದ ತಟ್ಟೆ ಇಡುತ್ತೇನೆ. ಮೇಲೆ ಬರುವ ಕೊಳೆ ಪಂಚೆಗೆ ಇಳಿಯುತ್ತದೆ. ಅದು ಕೊಳೆ ಹೀರುವುದು ನಿಂತ ಮೇಲೆ ತೆಗೆದು ಫ್ಯಾನ್ ಹಾಕಬೇಕು. ಧೂಳು ಏಳುವ ಸಂಜೆಯ ಹೊತ್ತಿಗೆ ಮೆತ್ತೆ ಹಸಿಯಾಗಿರಬಾರದು. ಅದಕ್ಕಾಗಿ ಒದ್ದೆ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಿಕೊಳ್ಳುತ್ತೇನೆ.